ಘಾಟಿಯಲ್ಲಿ ಕೇಳದ ಮಾತು

ಹೋದ ಮಾರ್ಗಶಿರದಲ್ಲಿ ರಾಗಿ ಒಕ್ಕಣೆ ಮುಗಿಯದೆ ಮೂರು ರಾತ್ರಿ ಕಣದಲ್ಲೇ ಮಲಗಬೇಕಾಯಿತು. ಅಕ್ಕನ ಮಗ ತನ್ನ ಹೊಸ ಪಿಕಪ್ಪನ್ನು ಮೆದೆಯ ಮಗ್ಗುಲಿಗೆ ತಂದು ನಿಲ್ಲಿಸಿದ್ದ. ಹೊಸದು ಅಂದರೆ ಅವನಿಗೆ ಹೊಸದು, ಗಾಡಿ ಮೂರನೇ ಕೈ. ತೊಗರಿಕಡ್ಡಿಯ ಬೆಂಕಿ ಹಾಕಿಕೊಂಡು, ಕೆಂಡದ ಅಂಚಿಗೆ ಹಸಿ ಕಡಲೆಕಾಯಿ ಎಳೆದುಕೊಂಡು ಕೂತಿದ್ದೆವು. ಅವನು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದ.

"ಮಾವ, ಇದು ನೋಡು. ಹದಿನೆಂಟು ಸಾವಿರ ಆಗ್ತದೆ. ಊಫರ್ ಹೆಂಗದೆ ಅಂದ್ರೆ, ಬಾಗಿಲೇ ನಡುಗ್ತದಂತೆ."

"ಬಾಗಿಲು ನಡುಗಿ ನಿಂಗೇನಾಗ್ಬೇಕ್ಲಾ? ಗಾಡೀಲಿ ಏನು ಕೇಳ್ತೀಯ?"

"ಏನಾದ್ರೂ ಕೇಳ್ತೀನಿ. ಮೊದ್ಲು ಸೌಂಡ್ ಬೇಕಲ್ಲ."

ಅವನ ವಯಸ್ಸಿನಲ್ಲಿ ನಾನೂ ಹೀಗೇ ಅಂದಿದ್ದೆ. ನನ್ನ ಹತ್ತಿರ ಇದ್ದದ್ದು ಹದಿನೆಂಟು ಸಾವಿರವಲ್ಲ, ಆರು ನೂರು. ಕಡಲೆಕಾಯಿ ಸುಡುವ ತನಕ ಹೇಳುತ್ತೇನೆ ಕೇಳು ಅಂದೆ. ಹೇಳಿ ಮುಗಿಸುವ ಹೊತ್ತಿಗೆ ಕಡಲೆಕಾಯಿ ಕರಕಲಾಗಿತ್ತು.

ನಾನು ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತಿದ್ದ ಕಾಲ ಅದು. ಸೋದರಮಾವ ಬಂದು, "ಇಲ್ಲಿ ಕೂತು ಯಾರ ಬಾಯಿಗೆ ಬೀಳ್ತೀಯ, ಲಾರಿ ಹತ್ತು" ಅಂದ. ಹತ್ತಿದೆ. ಎರಡು ವರ್ಷ ಕ್ಲೀನರ್ ಆಗಿದ್ದೆ. ಹಗ್ಗ ಬಿಗಿಯೋದು, ಟಾರ್ಪಾಲ್ ಹೊದಿಸೋದು, ಏರಿನಲ್ಲಿ ಗಾಡಿ ನಿಂತರೆ ಮರದ ತುಂಡು ಹಿಡಿದು ಕೆಳಕ್ಕೆ ಹಾರಿ ಹಿಂದಿನ ಚಕ್ರಕ್ಕೆ ಕೊಡೋದು, ರಾತ್ರಿ ಮಾವನ ಕಣ್ಣು ಎಳೆಯದ ಹಾಗೆ ಮಾತಾಡುತ್ತಾ ಇರೋದು. ಕೊನೆಯ ಕೆಲಸವೇ ಕಷ್ಟ, ಯಾಕೆಂದರೆ ಮಾವ ಮಾತಾಡುವ ಮನುಷ್ಯನೇ ಅಲ್ಲ.

ಅವನು ಮೊದಲಿಂದ ಹಾಗಿರಲಿಲ್ಲವಂತೆ. ನಮ್ಮವ್ವ ಅವನಿಗೆ ಒಬ್ಬಳೇ ತಂಗಿ. ಅವ್ವ ಹೋದಾಗ ಮಾವ ಲೋಡ್ ಸಮೇತ ಗುಜರಾತಿನ ಕಡೆ ಇದ್ದ. ತಂತಿ ಎಲ್ಲೆಲ್ಲೋ ಸುತ್ತಿ ಅವನ ಕೈ ಸೇರಿ, ಅವನು ಊರು ಮುಟ್ಟುವ ಹೊತ್ತಿಗೆ ಐದನೇ ದಿನ. ಹಾಲುತುಪ್ಪವೂ ಮುಗಿದಿತ್ತು. ಲಾರಿಯನ್ನು ಊರ ಮುಂದೆ ನಿಲ್ಲಿಸಿ, ಇಳಿಯದೆ ಸ್ಟಿಯರಿಂಗ್ ಹಿಡಿದುಕೊಂಡು ಕೂತೇ ಇದ್ದ ಅಂತ ಅಜ್ಜಿ ಹೇಳುತ್ತಿದ್ದಳು. ಅದರ ಬಗ್ಗೆ ಅವನು ನನ್ನ ಹತ್ತಿರ ಒಂದು ಸಲವೂ ಬಾಯಿ ಬಿಟ್ಟವನಲ್ಲ.

ಅವತ್ತಿನ ಲಾರಿಗಳ ಕ್ಯಾಬಿನ್ ಹೆಚ್ಚಾಗಿ ಮರದ್ದು. ಕಂಪನಿಯವರು ಕೊಡುತ್ತಿದ್ದುದು ಚಾಸಿ, ಎಂಜಿನ್ನು, ಚಕ್ರ ಅಷ್ಟೇ. ಮೇಲಿನ ಮನೆಯನ್ನು ನಾವೇ ಕಟ್ಟಿಸಿಕೊಳ್ಳಬೇಕು. ಅದಕ್ಕೆ ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡಿನ ತನಕ ಹೋಗುವವರಿದ್ದರು. ಎಂಜಿನ್ನು ಅರ್ಧ ಕ್ಯಾಬಿನ್ನಿನ ಒಳಗೇ ಕೂತಿರುತ್ತಿತ್ತು. ಡ್ರೈವರಿಗೂ ಕ್ಲೀನರಿಗೂ ನಡುವೆ ಬಾನೆಟ್ಟು, ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಕಂಬಳಿ. ಚಳಿಗಾಲದಲ್ಲಿ ತಾಯಿಯ ಮಡಿಲು, ಬೇಸಿಗೆಯಲ್ಲಿ ರೊಟ್ಟಿ ಹೆಂಚು. ಗದ್ದಲ ಮಾತ್ರ ಹನ್ನೆರಡು ತಿಂಗಳೂ ಒಂದೇ. ನಾನು ಕಿರುಚಬೇಕು, ಮಾವ "ಆಂ?" ಅನ್ನಬೇಕು.

ಇಂಥ ಗದ್ದಲದ ಮಧ್ಯೆ ನಮ್ಮದೊಂದು ಕ್ಯಾಸೆಟ್ ಸೆಟ್ಟು. ತಲೆಯ ಹಿಂದೆ, ಮಲಗುವ ಹಲಗೆಯ ಮೇಲ್ಗಡೆ ಒಂದೇ ಒಂದು ಸ್ಪೀಕರ್. ಅದರ ಕಾಗದದ ಕೋನ್ ಹರಿದು, ನಾನೇ ಸೈಕಲ್ ಪಂಕ್ಚರಿನ ಸೊಲ್ಯೂಷನ್ ಹಚ್ಚಿ ತೇಪೆ ಹಾಕಿದ್ದೆ. ಯಾರು ಹಾಡಿದರೂ ನೆಗಡಿಯಾದವರ ಹಾಗೆ ಕೇಳಿಸುತ್ತಿತ್ತು.

ಲಾರಿಯವರಿಗೆ ಬರೀ ಹಾಡು ಸಾಲುತ್ತಿರಲಿಲ್ಲ. ಹಾಡು ಜೋಗುಳವಾಗಿ ಕಣ್ಣು ಎಳೆಯುತ್ತದೆ, ಕಥೆಯಾದರೆ ಮುಂದೇನು ಅನ್ನೋದು ಎಚ್ಚರ ಇಡುತ್ತದೆ. ಅದಕ್ಕೇ ಗುರುರಾಜುಲು ನಾಯ್ಡು ಅವರ ಹರಿಕಥೆ, ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ಕ್ಯಾಸೆಟ್ಟುಗಳು ಆವತ್ತಿನ ಕ್ಯಾಬಿನ್ನುಗಳಲ್ಲಿ ಎರಡನೇ ಸ್ಟೆಪ್ನಿ ಇದ್ದ ಹಾಗೆ. ಮಾವನ ಹತ್ತಿರ ಹತ್ತಾರು ಇದ್ದವು, ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಧೂಳು ತಿನ್ನುತ್ತಾ. ಒಂದು ಮಾತ್ರ ಗೂಡಿಗೆ ಬೀಳುತ್ತಿರಲಿಲ್ಲ. ಅದು ಅವನ ಖಾಕಿ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಯಾರೋ ನಕಲು ಮಾಡಿಕೊಟ್ಟ 90 ನಿಮಿಷದ ಕ್ಯಾಸೆಟ್ಟು. ಮೇಲಿನ ಚೀಟಿ ಕಿತ್ತುಹೋಗಿ, ದಾಸರು ಯಾರೆಂದೂ ಗೊತ್ತಿಲ್ಲ. ಕಥೆ ಮಾತ್ರ ನಲ್ಲತಂಗನದು.

"ನಲ್ಲತಂಗ ಅಂದ್ರೆ?" ಅಂದ ಅಳಿಯ. ಈಗಿನ ಹುಡುಗರಿಗೆ ಅದೂ ಗೊತ್ತಿಲ್ಲ. ಬರ ಬಿದ್ದು ಗಂಡನ ಮನೆಯಲ್ಲಿ ಅನ್ನ ಹುಟ್ಟದೆ, ಏಳು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುವ ತಂಗಿಯ ಕಥೆ. ಅಣ್ಣ ಮನೆಯಲ್ಲಿಲ್ಲ. ಅತ್ತಿಗೆ ಬಾಗಿಲು ಹಾಕುತ್ತಾಳೆ, ಹಸಿದ ಮಕ್ಕಳ ಮುಂದೆ ತಂಗಳನ್ನೂ ಇಡದೆ ಸತಾಯಿಸುತ್ತಾಳೆ. ಆ ತಾಯಿ ಮಕ್ಕಳ ಕೈ ಹಿಡಿದು ಬಾವಿಯ ಕಡೆ ಹೊರಡುತ್ತಾಳೆ.

ಅಲ್ಲಿಂದ ಮುಂದಿನದು ನನಗೆ ಒಂದು ಸಲವೂ ಸರಿಯಾಗಿ ಕೇಳಿಸಿರಲಿಲ್ಲ.

ನಮ್ಮ ಓಡಾಟ ಹೆಚ್ಚಾಗಿ ಮಂಗಳೂರಿಗೆ. ಚಿತ್ರದುರ್ಗ ಸೀಮೆಯ ಈರುಳ್ಳಿ ತುಂಬಿಕೊಂಡು ಹಿರಿಯೂರಿನಿಂದ ಹುಳಿಯಾರು, ಅರಸೀಕೆರೆ, ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿಯೋದು. ವಾಪಸು ಬರುವಾಗ ಮಂಗಳೂರು ಹಂಚು. ಶಿರಾಡಿ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 75, ಆಗ ಅದರ ನಂಬರು 48. ಹಂಚು ಹೇರಿದ ಲಾರಿ ಗುಂಡ್ಯದಲ್ಲಿ ಹೊಳೆ ದಾಟಿ ಏರು ಹಿಡಿದರೆ, ಮೇಲೆ ಬರುವ ತನಕ ಒಂದನೇ ಗೇರು, ಎರಡನೇ ಗೇರು, ಮತ್ತೆ ಒಂದನೇ ಗೇರು. ಮನುಷ್ಯ ಪಕ್ಕದಲ್ಲಿ ನಡೆದುಕೊಂಡು ಬಂದರೂ ಬರಬಹುದು. ಮಾವ ನಲ್ಲತಂಗನನ್ನು ಹಾಕುತ್ತಿದ್ದುದು ಗುಂಡ್ಯದಲ್ಲೇ, ಚಹಾ ಕುಡಿದು ಗಾಡಿ ಹತ್ತಿದ ಕೂಡಲೇ. ಒಂದು ಮಗ್ಗುಲು ಮುಗಿದು, ತಿರುವಿ ಹಾಕಿದ ಎರಡನೇ ಮಗ್ಗುಲು ಕೊನೆಗೆ ಬರುವ ಹೊತ್ತಿಗೆ ಗಾಡಿ ಘಾಟಿಯ ಮೇಲಿನ ತಿರುವುಗಳಲ್ಲಿ ಮೈಯೆಲ್ಲ ನಡುಗುತ್ತಾ ಕಿರುಚುತ್ತಿರುತ್ತಿತ್ತು. ದಾಸರ ಬಾಯಿ ಆಡುತ್ತಿದೆ ಅಂತ ಗೊತ್ತಾಗುತ್ತಿತ್ತೇ ಹೊರತು ಮಾತು ಇಲ್ಲ.

ಆಗ ಮಾವ ಬಾಯಿ ಬಿಡುತ್ತಿದ್ದ. ಇಡೀ ಟ್ರಿಪ್ಪಿನಲ್ಲಿ ಅವನು ತಾನಾಗಿ ಮಾತಾಡುತ್ತಿದ್ದ ಒಂದೇ ಜಾಗ ಅದು. ಗೇರಿನ ಮೇಲೆ ಕೈ, ರಸ್ತೆಯ ಮೇಲೆ ಕಣ್ಣು. ಎಂಜಿನ್ನಿಗಿಂತ ಎತ್ತರದ ದನಿಯಲ್ಲಿ ಹೇಳುತ್ತಿದ್ದ: "ಈಗ ಏನಾಯ್ತು ಅಂದ್ರೆ, ಅಣ್ಣನಿಗೆ ದಾರೀಲೇ ಸುದ್ದಿ ಸಿಕ್ತು. ಕುದುರೆ ಬಿಟ್ಕೊಂಡು ಬಂದ. ಅವಳು ಬಾವಿಕಟ್ಟೆ ಮೇಲೆ ಕಾಲು ಇಟ್ಟಿದ್ಲು. ಹಿಂದಿಂದ ಸೆರಗು ಹಿಡ್ಕಂಡ."

ಪ್ರತಿ ಟ್ರಿಪ್ಪಿಗೂ ಕುದುರೆಯ ಬಣ್ಣ ಬದಲಾಗುತ್ತಿತ್ತು. ಅಣ್ಣ ತಂದ ಬುತ್ತಿಯಲ್ಲಿ ಒಂದು ಸಲ ಬುತ್ತಿಯನ್ನ, ಒಂದು ಸಲ ಒಬ್ಬಟ್ಟು. ಸೆರಗು ಹಿಡಿಯೋದು ಮಾತ್ರ ಬದಲಾಗುತ್ತಿರಲಿಲ್ಲ.

ನನಗೆ ಅನ್ನಿಸಿದ್ದು ಇಷ್ಟೇ: ಪಾಪ, ಇಷ್ಟು ಇಷ್ಟಪಟ್ಟು ಕೇಳುವ ಕಥೆ, ಕೊನೆಯೇ ಕೇಳದ ಹಾಗೆ ಆಗಿದೆಯಲ್ಲ. ಒಳ್ಳೆಯ ಸ್ಪೀಕರ್ ಹಾಕಿಕೊಟ್ಟರೆ?

ಮಾವನಿಗೆ ಹೇಳಿದೆ. "ಬ್ಯಾಡ ಬಿಡ್ಲಾ, ಇರೋದೇ ಸಾಕು" ಅಂದ. ಮತ್ತೆ ಹೇಳಿದೆ. "ದುಡ್ಡು ಹೆಚ್ಚಾಗೈತಾ?" ಅಂದ. ಜುಗ್ಗತನ ಅಂದುಕೊಂಡೆ. ನನ್ನ ಬಾಟಾ ದಿನಕ್ಕೆ ಹದಿನೈದು ರೂಪಾಯಿ. ಐದಾರು ತಿಂಗಳು ಸಿನಿಮಾ ಬಿಟ್ಟು, ಬೀಡಿಯ ಚಟ ಹತ್ತುವ ಮುಂಚೆಯೇ ಬಿಟ್ಟು, ಆರು ನೂರು ಕೂಡಿಸಿದೆ. ಅದು 1994.

ಯಶವಂತಪುರದ ಮಂಡಿಗೆ ಲೋಡ್ ಹೋದ ಒಂದು ದಿನ ಮಾವನಿಗೆ ಹೇಳದೆ ಬಸ್ಸು ಹತ್ತಿ ಜೆ.ಸಿ. ರಸ್ತೆಗೆ ಹೋದೆ. ಗಾಡಿಯ ಸಾಮಾನು ಬೇಕೆಂದರೆ ಬೆಂಗಳೂರಿನಲ್ಲಿ ಆ ರಸ್ತೆಯೇ ಕಾಶಿ. ಒಂದು ಅಂಗಡಿಯಲ್ಲಿ ಅಂಡಾಕಾರದ ಜೋಡಿ ಸ್ಪೀಕರು, ಮುಂದೆ ಬಂಗಾರದ ಬಣ್ಣದ ಜಾಲರಿ, ನಡುವೆ ಕೆಂಪು ಗುಬುಟು. ಡಬ್ಬಿಯ ಮೇಲೆ '400 ವಾಟ್ ಪಿಎಂಪಿಒ'. ಹೊಲದ ಪಂಪ್‌ಸೆಟ್ಟಿನ ಹಾರ್ಸ್‌ಪವರ್ ಕೇಳಿ ಬೆಳೆದವನಿಗೆ ಆ ನಂಬರೇ ಸಾಕಾಯಿತು. ಮುನ್ನೂರೈವತ್ತು ಕೊಟ್ಟೆ. ಹಳೆ ಸ್ಪೀಕರ್ ತೆಗೆದು, ಮಲಗುವ ಹಲಗೆಯ ಕೆಳಗೆ ಎಡಬಲಕ್ಕೆ ತಂತಿಯಲ್ಲಿ ಕಟ್ಟಿದೆ.

ನಿಂತ ಗಾಡಿಯಲ್ಲಿ ಅದರ ಸೊಗಸೇ ಸೊಗಸು. ಬೆನ್ನಿಗೆ ಗುದ್ದಿದ ಹಾಗೆ ಡೋಲು. ಬೇರೆ ಲಾರಿಯ ಹುಡುಗರು ಬಂದು ನೋಡಿ ಹೋದರು. ಎಂಜಿನ್ ಶುರುವಾಗುತ್ತಲೂ ಡೋಲು ಎಲ್ಲಿ ಹೋಯಿತೋ! ಉಳಿದದ್ದು ಗುಂಯ್ ಅನ್ನುವ ಗದ್ದಲದ ಮೇಲೆ ಇನ್ನೊಂದು ಗುಂಯ್. ಘಾಟಿಯಲ್ಲಿ ದಾಸರು ಮೊದಲು ನೆಗಡಿಯಾದವರಾಗಿದ್ದರು, ಈಗ ಕೌದಿ ಹೊದ್ದುಕೊಂಡವರಾದರು. ಮಾವ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕ. ಅವನ ಮುಖದಲ್ಲಿ ಒಂದು ನೆಮ್ಮದಿ ಇದ್ದಂತೆ ಈಗ ಅನ್ನಿಸುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ನಿಂತಾಗ ಚೆನ್ನಾಗಿ ಹಾಡುತ್ತದಲ್ಲ ಅಂತ, ಲೋಡ್ ಕಾಯುವ ರಾತ್ರಿಯೆಲ್ಲ ಸೆಟ್ ಹಾಕತೊಡಗಿದೆ. ಹದಿನೈದು ದಿನ ಆಗಿರಬಹುದು. ಅರಸೀಕೆರೆಯ ಆಚೆ, ಬೆಳಗಿನ ಜಾವ ನಾಲ್ಕಕ್ಕೆ, ಈರುಳ್ಳಿ ತುಂಬಿದ ಗಾಡಿ. ಮಾವ ಚಾವಿ ತಿರುಗಿಸಿದರೆ 'ಟಕ್' ಅಂತು, ಅಷ್ಟೇ. ಇನ್ನೊಂದು ಲಾರಿ ಬಂದು ಸರಪಳಿ ಹಾಕಿ ಎಳೆಯುವ ಹೊತ್ತಿಗೆ ಬಿಸಿಲು ಏರಿತ್ತು. ಎರಡು ಬ್ಯಾಟರಿಯಲ್ಲಿ ಒಂದು ಪೂರಾ ಸತ್ತಿತ್ತು, ಇನ್ನೊಂದು ನೀರೆಲ್ಲ ಕುದಿದು ಒಣಗಿತ್ತು. ಮಾವ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಹಿರಿಯೂರಿಗೆ ಹೋದ್ಮೇಲೆ ತಗ್ದಾಕು" ಅಂದ.

ತೆಗೆಸಲು ಹೋದದ್ದು ರೇಡಿಯೊ ಸಾಬರ ಹತ್ತಿರ. ಅವರಿಗೆ ಬೇರೆ ಹೆಸರು ಇದ್ದೇ ಇರುತ್ತದೆ, ನಾನು ಕೇಳಿದವನಲ್ಲ, ಊರಿನವರು ಹೇಳಿದವರೂ ಅಲ್ಲ. ಸಣ್ಣ ಅಂಗಡಿ. ಗೋಡೆಯುದ್ದಕ್ಕೂ ಸತ್ತ ವಾಲ್ವ್ ರೇಡಿಯೊಗಳು ಒಂದರ ಮೇಲೊಂದು. ಸಾಬರು ಕಥೆಯೆಲ್ಲ ಕೇಳಿಕೊಂಡು ಮೊದಲು ಬ್ಯಾಟರಿಯ ವಿಚಾರ ಎತ್ತಿದರು.

"ನಿಮ್ಮ ಗಾಡಿ ಎಷ್ಟು ವೋಲ್ಟು ಬೇಟಾ?"

"ಇಪ್ಪತ್ನಾಲ್ಕು."

"ಸೆಟ್ಟು?"

"ಹನ್ನೆರಡು."

"ಹಂಗಾದ್ರೆ ಒಂದೇ ಬ್ಯಾಟರಿಯಿಂದ ವೈರ್ ಎಳ್ದಿದೀರ. ಜೋಡೆತ್ತು ಕಟ್ಟಿದೀರಪ್ಪ. ಹಗಲು ಎರಡೂ ನೇಗಿಲು ಎಳೀತವೆ. ರಾತ್ರಿ ಒಂದನ್ನೇ ಬಿಚ್ಕೊಂಡು ಗಾಣಕ್ಕೆ ಹೂಡ್ತೀರ. ಬೆಳಗ್ಗೆ ಎರಡಕ್ಕೂ ಒಂದೇ ಅಳತೆ ಮೇವು. ಒಂದು ಬಡವಾಗಿ ಬಿತ್ತು, ಇನ್ನೊಂದು ತಿಂದು ಹೊಟ್ಟೆ ಉಬ್ಬಿ ಸತ್ತಿತು."

ನನಗೆ ಆವತ್ತು ಎತ್ತು ಅರ್ಥವಾಯಿತು. ವಿದ್ಯುತ್ತು ಅರ್ಥವಾದದ್ದು ಆಮೇಲೆ ಐಟಿಐ ಸೇರಿದಾಗ. ಸಾಲಾಗಿ ಜೋಡಿಸಿದ ಎರಡು ಬ್ಯಾಟರಿಗೆ ಆಲ್ಟರ್ನೇಟರ್ ಒಟ್ಟು ಸುಮಾರು 28 ವೋಲ್ಟ್ ನೋಡಿಕೊಂಡು ಚಾರ್ಜ್ ಕೊಡುತ್ತದೆ. ಒಂದರಿಂದ ಮಾತ್ರ ಕರೆಂಟು ಕದ್ದರೆ ಅದು ಎಂದೂ ತುಂಬುವುದಿಲ್ಲ, ಅದರ ಪಾಲಿನ ವೋಲ್ಟು ತುಂಬಿದ ಬ್ಯಾಟರಿಯ ಮೇಲೆ ಬಿದ್ದು ಅದು ಕುದಿಯುತ್ತದೆ. ಇದಕ್ಕೆ ಸಾಬರ ಮದ್ದು ಒಂದು ರೆಡ್ಯೂಸರ್. ಎರಡೂ ಬ್ಯಾಟರಿಯಿಂದ 24 ತೆಗೆದುಕೊಂಡು ಸೆಟ್ಟಿಗೆ 12 ಕೊಡುವ ಪೆಟ್ಟಿಗೆ. ಅಲ್ಯೂಮಿನಿಯಂ ತಗಡಿನ ಮೇಲೆ ಲೋಹದ ಟೊಪ್ಪಿಗೆಯ 2ಎನ್3055 ಟ್ರಾನ್ಸಿಸ್ಟರ್ ಕೂರಿಸಿ ಅವರೇ ಕಟ್ಟಿದರು. ಅರ್ಧಕ್ಕರ್ಧ ಶಕ್ತಿ ಬಿಸಿಯಾಗಿ ಹೋಗುತ್ತದೆ, ಕೈಯಿಟ್ಟರೆ ಚುರುಕ್ ಅನ್ನುತ್ತದೆ. ಹೋಗಲಿ, ಎರಡೆತ್ತೂ ಸಮನಾಗಿ ದುಡಿಯುತ್ತವೆ.

ಆಮೇಲೆ ನನ್ನ ಬಂಗಾರದ ಜೋಡಿಯನ್ನು ಕೈಗೆತ್ತಿಕೊಂಡರು. ಹಿಂದೆ ತಿರುಗಿಸಿ, ಬಿಸ್ಕತ್ತಿನಷ್ಟು ಮ್ಯಾಗ್ನೆಟ್ ನೋಡಿ, "ಎಷ್ಟು ವಾಟು?" ಅಂದರು.

"ನಾನೂರು."

ಅವರು ಮಾತಾಡದೆ ನಮ್ಮ ಸೆಟ್ಟಿನ ಮೇಲಿನ ತಗಡು ಬಿಚ್ಚಿ ಒಳಗೆ ಸ್ಕ್ರೂಡ್ರೈವರಿನಲ್ಲಿ ತೋರಿಸಿದರು. ಉದ್ದನೆಯ ಕರಿ ಐಸಿ, ಮೈಮೇಲೆ '4440' ಅಂತ ಬರೆದಿತ್ತು. ಆ ಕಾಲದ ಅಗ್ಗದ ಸೆಟ್ಟುಗಳಲ್ಲಿ ಎಲ್ಲಿ ಬಿಚ್ಚಿದರೂ ಕಾಣುತ್ತಿದ್ದುದು ಅದೇ. "ಇದು ಕೊಡೋದು ಈ ಕಡೆಗೆ ಆರು ವಾಟು, ಆ ಕಡೆಗೆ ಆರು. ಬಾವೀಲಿರೋದು ಎರಡು ಕೊಡ ನೀರು, ನೀನು ನಾನೂರು ಕೊಡದ ಹಂಡೆ ತಂದಿದೀಯ." ಪಿಎಂಪಿಒ ಅನ್ನುವುದಕ್ಕೆ ಒಪ್ಪಿತವಾದ ಅಳತೆಯೇ ಇಲ್ಲ, ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ ತೋರಿಸಿ ಎಷ್ಟು ಬೇಕಾದರೂ ಬರೆದುಕೊಳ್ಳಬಹುದು ಅಂತ ನನಗೆ ಗೊತ್ತಾದದ್ದೂ ಆವತ್ತೇ.

"ಇರೋ ಆರು ವಾಟಿನಲ್ಲಿ ಹೆಚ್ಚು ಕೂಗೋದು ಬೇಕು, ಹೌದಾ? ಅಂಥದ್ದು ಎಲ್ಲಿದೆ ಗೊತ್ತಾ?" ಅನ್ನುತ್ತಾ ಸಾಬರು ಗೋಡೆಯ ಹತ್ತಿರ ಹೋಗಿ, ಎರಡು ಸತ್ತ ರೇಡಿಯೊ ಇಳಿಸಿ, ಹಿಂದಿನ ಅಟ್ಟೆ ಬಿಚ್ಚಿದರು.

ವಾಲ್ವ್ ರೇಡಿಯೊ ಹೊರಡಿಸುತ್ತಿದ್ದುದೇ ಮೂರು-ನಾಲ್ಕು ವಾಟು. ಅಷ್ಟರಲ್ಲೇ ಪಂಚಾಯ್ತಿ ಕಟ್ಟೆಯ ತುಂಬ ಕೂತವರಿಗೆ ವಾರ್ತೆ ಕೇಳಿಸಬೇಕಿತ್ತು. ಹಾಗಾಗಿ ಅದರ ಸ್ಪೀಕರಿನ ಕೋನ್ ಒಣಗಿದ ಅರಳಿ ಎಲೆಯಷ್ಟು ಹಗುರ, ಮ್ಯಾಗ್ನೆಟ್ ಬಲು ಬಿಗಿ. ಒಂದು ಸ್ಪೀಕರು ಇನ್ನೊಂದಕ್ಕಿಂತ ಮೂರು ಡೆಸಿಬೆಲ್ ಹೆಚ್ಚು ಕೂಗಿದರೆ ವಾಟನ್ನು ದುಪ್ಪಟ್ಟು ಮಾಡಿದ್ದಕ್ಕೆ ಸಮ. ಆರು ಡೆಸಿಬೆಲ್ ಅಂದರೆ ನಾಲ್ಕು ಪಟ್ಟು. ದುಡ್ಡು ಸುರಿದು ದೊಡ್ಡ ಸೆಟ್ ತರುವ ಬದಲು ಗುಜರಿಯಲ್ಲಿ ಹಗುರ ಕೋನ್ ಹುಡುಕುವುದೇ ಲಾಭ.

ಎರಡರಲ್ಲಿ ಒಂದು ಚೆನ್ನಾಗಿತ್ತು, ಇನ್ನೊಂದರ ಕೋನ್ ಇಲಿ ತಿಂದಿತ್ತು. ಅದಕ್ಕೆ ಹೊಸ ಕಾಗದ, ಹೊಸ ಕಾಯಿಲ್ ಕೂರಿಸಲು ಒಂದು ದಿನ ಬೇಕು ಅಂದರು. ಚೆನ್ನಾಗಿದ್ದದ್ದಕ್ಕೆ ವೈರ್ ಕೊಟ್ಟು ಬರಿಗೈಯಲ್ಲಿ ಹಿಡಿದು ನುಡಿಸಿದರು. ಜೀರುಂಡೆಯ ಹಾಗೆ ಚೀಂ ಅಂತು. ನನ್ನ ಮುಖ ಬಿತ್ತು. ಸಾಬರು ಮೂಲೆಯ ಖಾಲಿ ಮಡಕೆ ಎಳೆದು ಅದರ ಬಾಯಿಯ ಮೇಲೆ ಸ್ಪೀಕರನ್ನು ಕವುಚಿ ಇಟ್ಟರು. ಹಾಡುತ್ತಿದ್ದವರು ಎದ್ದು ಅಂಗಡಿಯೊಳಗೆ ಬಂದ ಹಾಗಾಯಿತು! ಮಡಕೆ ಸ್ಪೀಕರನ್ನು ನಾನು ಚಹಾದಂಗಡಿಗಳಲ್ಲಿ ನೋಡಿದ್ದೆ, ಯಾಕೆಂದು ಕೇಳಿರಲಿಲ್ಲ.

"ಕೋನ್ ಮುಂದಕ್ಕೆ ತಳ್ಳಿದ ಗಾಳಿ, ಹಿಂದಕ್ಕೆ ಎಳ್ಕೊಂಡ ಗಾಳಿ, ಎರಡೂ ಅಂಚಿನಲ್ಲಿ ಸುತ್ತಿಬಂದು ಸೇರ್ಕೊಂಡ್ರೆ ಸೊನ್ನೆ. ನೀನು ಅದನ್ನ ತಂತಿಯಲ್ಲಿ ನೇತುಹಾಕಿದ್ದೆ, ಬೀದೀಲಿ ಸಂಸಾರ ಹೂಡಿದ ಹಾಗೆ. ಮನೆ ಬೇಕು ಬೇಟಾ. ಗೋಡೆ ಗಟ್ಟಿ ಇರಬೇಕು, ಸಂದಿ ಇರಬಾರದು."

ಇನ್ನೊಂದು ಮಾತು ಕೇಳಿದರು: "ನಿಮ್ಮ ಮಾವ ಕೇಳೋದೇನು?"

"ಹರಿಕಥೆ."

"ಹಂಗಾದ್ರೆ ಡೋಲು ಯಾಕೆ ಬೇಕು? ಟ್ರಂಕ್ ಕಾಲ್‌ನಲ್ಲಿ ಡೋಲು ಕೇಳ್ಸುತ್ತಾ? ಆದ್ರೂ ಅವ್ವನ ದನಿ ಗುರುತು ಸಿಗಲ್ವಾ?"

ನಾನು ಸುಮ್ಮನಿದ್ದೆ. ಅವರಿಗೆ ಗೊತ್ತಿರಲಿಲ್ಲ.

ಅವರ ಮಾತಿನ ಲೆಕ್ಕವನ್ನು ಐಟಿಐ ಪುಸ್ತಕದಲ್ಲಿ ನೋಡಿದಾಗ ಬೆರಗಾಯಿತು. ಟೆಲಿಫೋನು ಸಾಗಿಸುವುದು 300ರಿಂದ 3,400 ಹರ್ಟ್ಜ್ ತನಕ ಮಾತ್ರ, ಮಾತಿಗೆ ಅಷ್ಟು ಸಾಕು. ಇತ್ತ ಆರು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸಲ ಸಿಡಿಯುತ್ತದೆ, ಅಂದರೆ ಅದರ ಗುಡುಗೆಲ್ಲ ಡೋಲಿನ ಹಾದಿಯಲ್ಲೇ. ಜೆ.ಸಿ. ರಸ್ತೆಯಿಂದ ನಾನು ತಂದ ಸ್ಪೀಕರು ಎಂಜಿನ್ನಿನ ಜೊತೆ ಅದರ ಹೊಲದಲ್ಲೇ ಜಗಳಕ್ಕೆ ನಿಂತಿತ್ತು. ಅಲ್ಲಿ ಗೆಲ್ಲೋದುಂಟೆ? ಮಾತು ನಡೆಯುವ ಹಾದಿ ಅದರ ಮೇಲಿನದು, ಅಲ್ಲಿ ಜಾಗ ಖಾಲಿಯಿತ್ತು.

ಮಾರನೇ ದಿನ ಬಾಡಿ ಕಟ್ಟುವವರ ಹತ್ತಿರ ಬಿದ್ದಿದ್ದ ದಪ್ಪ ಪ್ಲೈವುಡ್ ತುಂಡು ಬೇಡಿಕೊಂಡು ತಂದೆ. ಸಾಬರು ಅಂಗಡಿಗೆ ಬೀಗ ಹಾಕಿ ಲಾರಿಯ ಹತ್ತಿರ ಬಂದರು. ಗಾಜಿನ ಮೇಲ್ಗಡೆ, ಡ್ರೈವರಿನ ತಲೆಯ ಮುಂದೆ ಒಂದು, ಕ್ಲೀನರಿನ ತಲೆಯ ಮುಂದೆ ಒಂದು. ಹಿಂದುಗಡೆ ಮುಚ್ಚಿದ ಸಣ್ಣ ಗೂಡು, ಒಳಗೆ ಹಳೆ ಹಾಸಿಗೆಯ ಒಂದು ಹಿಡಿ ಹತ್ತಿ, ಸಂದಿಗೆಲ್ಲ ಹಳೇ ಟ್ಯೂಬಿನ ರಬ್ಬರು, ಮುಖ ಕಿವಿಯ ಕಡೆಗೆ ಓರೆ. "ಹತ್ತಿರ ತಂದಷ್ಟೂ ಸದ್ದು ಹೆಚ್ಚು. ಇದಕ್ಕೆ ಕಾಸಿಲ್ಲ" ಅಂದರು. ಒಂದು ಪೆನ್ಸಿಲ್ ಸೆಲ್ ತೆಗೆದು ಸ್ಪೀಕರಿನ ಕಾಲುಗಳಿಗೆ ಮುಟ್ಟಿಸಿ, ಕೋನ್ ಮುಂದಕ್ಕೆ ಹಾರಿದ ಕಡೆಯ ಕಾಲಿಗೆ ಕೆಂಪು ಗುರುತು ಹಾಕಿದರು. ಎರಡೂ ಒಟ್ಟಿಗೆ ಮುಂದಕ್ಕೆ, ಒಟ್ಟಿಗೆ ಹಿಂದಕ್ಕೆ ಹೋಗಬೇಕು, ಒಂದು ಹೋಗುವಾಗ ಇನ್ನೊಂದು ಬಂದರೆ ಅವೇ ಒಂದನ್ನೊಂದು ತಿಂದುಹಾಕುತ್ತವೆ. ವೈರಿಗೆ ಫ್ಯೂಸ್ ಹಾಕಿದರು. ಎಲ್ಲ ಆದಮೇಲೆ ಮಾವನ ಕಡೆ ಕೈ ಚಾಚಿ, "ನೀವು ಹೆಚ್ಚು ಕೇಳೋ ಕ್ಯಾಸೆಟ್ ಕೊಡಿ" ಅಂದರು.

ಮಾವ ಒಂದು ಗಳಿಗೆ ನಿಂತ. ಜೇಬಿಗೆ ಕೈ ಹೋಯಿತು, ಮತ್ತೆ ಹೊರಗೆ ಬಂತು. ಗೂಡಿನಿಂದ ಬೇರೆ ಯಾವುದೋ ತೆಗೆದು ಕೊಟ್ಟ. "ಅದಲ್ಲ ಮಾವ, ಜೇಬಲ್ಲಿರೋದು" ಅಂದುಬಿಟ್ಟೆ. ಬಾಯಿ ಸುಮ್ಮನಿರಬೇಕಿತ್ತು. ಮಾವ ಕೊಟ್ಟ.

ಸಾಬರು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ ಒರೆಸಿದರು. ಹತ್ತಿ ಬೆಲ್ಲದ ಬಣ್ಣಕ್ಕೆ ತಿರುಗಿತು. ಕ್ಯಾಸೆಟ್ ಓಡುತ್ತಿರುವಾಗಲೇ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು. ದಾಸರ ಮುಖದ ಮೇಲಿನ ಕೌದಿ ಸರಿದು ಬಿತ್ತು. ತಾಳದ ಅಂಚು, ಉಸಿರು, ಮುಂದೆ ಕೂತವರ ಕೆಮ್ಮು, ಎಲ್ಲ ಕೇಳಿಸಿತು. ಟೇಪಿನ ಮೇಲೆ ದನಿ ಬರೆದ ಓರೆಗೂ ಹೆಡ್ ಕೂತ ಓರೆಗೂ ತಾಳೆಯಾಗದಿದ್ದರೆ ಮೇಲಿನ ಸ್ವರವೆಲ್ಲ ಅಳಿಸಿಹೋಗುತ್ತದೆ. ಹೊಸ ಸ್ಪೀಕರಿಗೆ ಓಡುವ ಮುಂಚೆ ಆ ಸ್ಕ್ರೂ ನೋಡಿದವರು ಎಷ್ಟು ಜನ?

ಲೆಕ್ಕ ನನಗೆ ಈಗಲೂ ಬಾಯಿಪಾಠ. ರೆಡ್ಯೂಸರಿಗೆ 90, ಎರಡು ಸ್ಪೀಕರಿಗೆ 70, ಹೊಸ ಕೋನಿಗೆ 35, ವೈರು-ಫ್ಯೂಸಿಗೆ 25, ಒಟ್ಟು 220. ಉಳಿದಿದ್ದ ಇನ್ನೂರೈವತ್ತರಲ್ಲಿ ಮೂವತ್ತು ಮಿಕ್ಕಿತು. ಕೂಲಿ ಕೇಳಿದರೆ ಸಾಬರು ನನ್ನ ಬಂಗಾರದ ಜೋಡಿಯನ್ನು ತೋರಿಸಿ, "ಇದು ಇಲ್ಲಿರಲಿ, ಮದುವೆ ಮನೆಯವರು ಯಾರಾದ್ರೂ ಕೇಳ್ತಾರೆ" ಅಂದರು.

"ಆಮೇಲೆ? ಘಾಟೀಲಿ ಕೇಳಿಸ್ತಾ?" ಅಂದ ಅಳಿಯ. ಮೊಬೈಲು ಯಾವಾಗಲೋ ಅವನ ಜೇಬಿಗೆ ಹೋಗಿತ್ತು.

ನಾಲ್ಕನೇ ದಿನ ಗುಂಡ್ಯದಲ್ಲಿದ್ದೆವು. ಹಂಚಿನ ಲೋಡು, ರಾತ್ರಿ ಒಂದೂವರೆ. ಚಹಾ ಕುಡಿದು ಗಾಡಿ ಹತ್ತಿದೆವು. ಮಾವ ಕ್ಯಾಸೆಟ್ ತೆಗೆಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ನಾನೇ, "ಹಾಕಲ್ವಾ ಮಾವ?" ಅಂದೆ. "ಇವತ್ತು ಬ್ಯಾಡ, ತಲೆನೋವು" ಅಂದ. ನಾನು ಬಿಡಬೇಕಲ್ಲ? ಐದಾರು ತಿಂಗಳು ನಾನು ತಿನ್ನದೆ ಬಿಟ್ಟ ಬೋಂಡ, ನೋಡದೆ ಬಿಟ್ಟ ಸಿನಿಮಾ ಎಲ್ಲ ಆ ಎರಡು ಗೂಡಿನಲ್ಲಿ ಕೂತಿತ್ತು. ಮುಖ ಸಪ್ಪೆ ಮಾಡಿಕೊಂಡೆ. ಮಾವ ಒಂದು ತಿರುವು ದಾಟಿ, ಎರಡು ತಿರುವು ದಾಟಿ, ಜೇಬಿನಿಂದ ತೆಗೆದು ನನ್ನ ಕೈಗಿಟ್ಟ.

ಎಂಜಿನ್ನು ಕಿರುಚುತ್ತಿತ್ತು. ಆ ಕಿರುಚಾಟದ ಮೇಲೆ, ಕಾಲುವೆಯ ಮೇಲೆ ಹಲಗೆ ಹಾಸಿ ನಡೆದುಬಂದ ಹಾಗೆ, ದಾಸರು ಬಂದರು. ಒಂದೊಂದು ಅಕ್ಷರವೂ ಬಿಡಿಬಿಡಿ. ಬರ ಬಂತು. ತಂಗಿ ಹೊರಟಳು. ಅತ್ತಿಗೆ ಬಾಗಿಲು ಹಾಕಿದಳು. ನಾನು ಹಿಗ್ಗಿಹೋದೆ. ಮಗ್ಗುಲು ತಿರುವಿ ಹಾಕಿದೆ. ಮಾವ ಒಂದು ಮಾತೂ ಆಡಲಿಲ್ಲ.

ಮೇಲಿನ ತಿರುವುಗಳು ಬಂದವು. ದಾಸರು ದನಿ ಇಳಿಸಿದರು, ಪಿಸುಮಾತಿನ ತನಕ ಇಳಿಸಿದರು. ಅದೂ ಕೇಳಿಸಿತು. ಮಕ್ಕಳನ್ನು ಒಂದೊಂದಾಗಿ ಲೆಕ್ಕ ಹಾಕಿದರು, ಏಳು. ಆಮೇಲೆ ತಾಯಿ. ನಾನು ಕುದುರೆಗೆ ಕಾಯುತ್ತಿದ್ದೆ. ಈಗ ಬರುತ್ತದೆ, ಈಗ ಸುದ್ದಿ ಸಿಗುತ್ತದೆ ಅಂತ. ಕುದುರೆ ಬರಲಿಲ್ಲ. ಬಾವಿಯ ನೀರು ನಿಂತು ಎಷ್ಟೋ ಹೊತ್ತಾದ ಮೇಲೆ ಅಣ್ಣ ಬಂದ. ಅವನು ಹಿಡಿಯಲು ಸೆರಗು ಇರಲಿಲ್ಲ.

ಮಾವನ ಕಡೆ ನೋಡಿದೆ. ಎದುರಿನಿಂದ ಬಂದ ಲಾರಿಯ ಬೆಳಕು ಅವನ ಮುಖದ ಮೇಲೆ ಹಾದು ಹೋಯಿತು. ಅವನಿಗೆ ಇದೇನೂ ಹೊಸದಾಗಿರಲಿಲ್ಲ. ಕೊನೆ ಕೇಳದ ಜಾಗ ಯಾವುದು ಅಂತ ಅಳತೆ ಹಾಕಿಯೇ ಅವನು ಗುಂಡ್ಯದಲ್ಲಿ ಕ್ಯಾಸೆಟ್ ಹಾಕುತ್ತಿದ್ದ ಅಂತ ನನಗೆ ಆಗ ಹೊಳೆಯಿತು. ಇರೋದೇ ಸಾಕು ಅಂತ ಯಾಕೆ ಅಂದ ಅನ್ನೋದೂ ಹೊಳೆಯಿತು. ದೋಣಿಗಲ್ ದಾಟಿ ರಸ್ತೆ ಸಮವಾಗುವ ತನಕ ಇಬ್ಬರೂ ಉಸಿರೆತ್ತಲಿಲ್ಲ. ಸಕಲೇಶಪುರದಲ್ಲಿ ಗಾಡಿ ನಿಲ್ಲಿಸಿ ಟೈರಿಗೆ ಒದ್ದು ನೋಡುತ್ತಾ ಅವನು ಹೇಳಿದ್ದು ಇಷ್ಟೇ: "ಚೆನ್ನಾಗಿ ಮಾಡವ್ರೆ ಸಾಬ್ರು. ಸ್ಪಷ್ಟ ಐತೆ."

ಸ್ಪೀಕರ್ ಕಿತ್ತು ಹಾಕು ಅಂತ ಅವನು ಹೇಳಲಿಲ್ಲ. ನಾನು ಕೊಟ್ಟದ್ದಲ್ಲವೇ? ಎಷ್ಟೋ ಹಾಡು, ಎಷ್ಟೋ ನಾಟಕ ಆ ಎರಡು ಗೂಡಿನಿಂದ ಕೇಳಿ ನಕ್ಕೆವು. ಲಾರಿ ಮಾರುವ ದಿನದ ತನಕ ಒಂದು ಕೋನೂ ಹರಿಯಲಿಲ್ಲ.

ನಲ್ಲತಂಗ ಮಾತ್ರ ಒಂದು ತಿಂಗಳು ಜೇಬಿನಲ್ಲೇ ಉಳಿಯಿತು. ಆಮೇಲೆ ಒಂದು ರಾತ್ರಿ ಗುಂಡ್ಯದಲ್ಲಿ ನಾನೇ ಕೈ ಚಾಚಿದೆ, ಮಾವ ಕೊಟ್ಟ. ಬರ ಬಂತು, ತಂಗಿ ಹೊರಟಳು, ಅತ್ತಿಗೆ ಬಾಗಿಲು ಹಾಕಿದಳು. ಮೇಲಿನ ತಿರುವು ಬರುತ್ತಲೂ ನಾನು ವಾಲ್ಯೂಮಿನ ಗುಂಡಿ ಹಿಡಿದು ಎಡಕ್ಕೆ ತಿರುಗಿಸಿದೆ, ಸದ್ದು ಪೂರಾ ಅಡಗುವ ತನಕ.

ಬರೀ ಎಂಜಿನ್ನು ಉಳಿಯಿತು. ಒಂದು ತಿರುವು ಹೋಯಿತು.

"ಮುಂದೇನಾಯ್ತು ಮಾವ?" ಅಂತ ಕಿರುಚಿದೆ.

ಮಾವ ಗೇರು ಇಳಿಸಿದ. "ಮುಂದೇನು," ಅಂದ, "ಬಿಳೀ ಕುದುರೆ ಕಣ್ಲಾ ಅದು."